ಕೊಳವೆಬಾವಿಯ ಮೋಟಾರೂ ಗಣಕದ ಪಾಠವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಹೊಲಗಳಲ್ಲಿ, ಮಳೆ ಕೈಕೊಟ್ಟಾಗ ಬೆಳೆಯ ಭಾಗ್ಯವು ಕೊಳವೆಬಾವಿಯ ಮೋಟಾರನ್ನೇ ಆಶ್ರಯಿಸಿರುವುದರಿಂದ, ಅದರ ವೇಗವನ್ನು ನಿಯಂತ್ರಿಸುವ ವಿದ್ಯೆಯು ಕೇವಲ ಪಂಡಿತರ ಸೊತ್ತಾಗಿ ಉಳಿಯಲಾಗದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಧ್ರುವಗಳ ಇಂಡಕ್ಷನ್ ಮೋಟಾರು ನಿಮಿಷಕ್ಕೆ 3000 ಸುತ್ತಿಗಿಂತ ತುಸು ಕಡಿಮೆ ತಿರುಗುತ್ತದೆ; ಸೌರಫಲಕದ ಏಕಮುಖ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು, ಬಿಸಿಲಿಗೆ ತಕ್ಕಂತೆ ಆವರ್ತನವನ್ನು ಏರಿಳಿಸುವ ‘ಡ್ರೈವ್’ ಎಂಬ ಪೆಟ್ಟಿಗೆಯು ಆ ವೇಗವನ್ನು ಪಳಗಿಸುತ್ತದೆ. ವೇಗವು ಶೇಕಡ ನೂರರಿಂದ ಎಂಬತ್ತಕ್ಕಿಳಿದರೆ ಪಂಪಿಗೆ ಬೇಕಾದ ಶಕ್ತಿ ಸುಮಾರು ಅರ್ಧವಾಗುವುದೆಂದು ಪುಸ್ತಕದ ನಿಯಮ ಹೇಳುತ್ತದೆ. ಆದರೆ ಆಳದ ಬಾವಿಯಲ್ಲಿ ಈ ಲೆಕ್ಕ ಹಾಗೆಯೇ ಹೊಂದದು, ವೇಗ ತೀರ ತಗ್ಗಿದರೆ ನೀರು ಮೇಲೇರುವುದೇ ಇಲ್ಲ.

ಈ ವೇಗನಿಯಂತ್ರಣದ ವಿದ್ಯೆಯನ್ನು ಕರಿಹಲಗೆಯ ಮೇಲೆ ಮಾತ್ರ ಬೋಧಿಸುವುದು ದುಸ್ತರ. ಗಣಕದಲ್ಲಿ ಡ್ರೈವಿನ ವಿದ್ಯುನ್ಮಂಡಲವನ್ನು ರಚಿಸಿ, ಒಂದು ಸ್ವಿಚ್ಚನ್ನು ಬೇಕೆಂದೇ ತಪ್ಪಾಗಿ ನಡೆಸಿದರೆ, ಉಪಕರಣ ಸುಡದೆಯೇ ಅದರ ದುಷ್ಫಲವು ತೆರೆಯ ಮೇಲೆ ಗೋಚರಿಸುತ್ತದೆ. ಇದಕ್ಕೆ ಒದಗುವ ಮುಂಬಯಿ ಐಐಟಿಯ ‘ಸೀಕ್ವೆಲ್’, ‘ಇಸಿಮ್’ ತಂತ್ರಾಂಶಗಳು ಉಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಲ್. ಉಮಾನಂದರು ಈ ವಿದ್ಯೆಯ ಕುರಿತು ನೀಡಿದ ಉಪನ್ಯಾಸಗಳೂ ಅಂತರ್ಜಾಲದಲ್ಲಿ ಸುಲಭವಾಗಿ ದೊರೆಯುತ್ತವೆ.

ಹೂವಿನಹಡಗಲಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿಯ ವಿದ್ಯಾರ್ಥಿಗಳು ಪಠ್ಯದ ಕಲ್ಪಿತ ಅಂಕಿಗಳನ್ನು ಬದಿಗಿರಿಸಿ, ತಮ್ಮೂರ ಬಾವಿಯ ಆಳವನ್ನೂ ಮೋಟಾರಿನ ಅಶ್ವಶಕ್ತಿಯನ್ನೂ ಗಣಕಕ್ಕೆ ಉಣಿಸಿ ನೋಡಲಿ.