ಬಂಡೆಗುಡ್ಡದ ಹಳದಿ ಕೊರಳು

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲುಹಳಿ ಹುಟ್ಟಿದ್ದೇ ಚಿನ್ನದ ಗಣಿಗಾಗಿ. ಕೋಲಾರ ಸೀಮೆಯ ಸಂಪತ್ತೆಲ್ಲ ನೆಲದಡಿಯಲ್ಲಿದೆ ಎಂದೇ ಓದಿ ಬೆಳೆದವರು ನಾವು. ಈ ಸೀಮೆಯ ಬಂಡೆಗುಡ್ಡಗಳಲ್ಲಿ ಬದುಕುವ ಒಂದು ಹಕ್ಕಿ ಮಾತ್ರ ಗಣಿಗಿಂತ ಮೊದಲೇ ಪುಸ್ತಕ ಸೇರಿತ್ತು. ಅದನ್ನು ಲೋಕಕ್ಕೆ ಪರಿಚಯಿಸಿದವರು ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್.

1811ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಜೆರ್ಡನ್, ಎಡಿನ್‌ಬರೋದಲ್ಲಿ ಓದಿ 1836ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ವೈದ್ಯರಾಗಿ ಮದ್ರಾಸಿಗೆ ಬಂದರು. ದಂಡು ಹೋದಲ್ಲೆಲ್ಲ ಹಕ್ಕಿಗಳನ್ನು ಸಂಗ್ರಹಿಸಿದರು. ಗುರುತು ಹಿಡಿಯಲೆಂದು ಸ್ಕಾಟ್ಲೆಂಡಿನ ತಜ್ಞ ವಿಲಿಯಂ ಜಾರ್ಡೀನ್ ಅವರಿಗೆ ಕಳಿಸಿದ ಸಂಗ್ರಹ ತಲುಪುವ ಹೊತ್ತಿಗೆ ನುಸಿ ಹಿಡಿದಿತ್ತು. ಆಮೇಲೆ ಅವರು ತಮ್ಮ ಕಣ್ಣನ್ನೇ ನಂಬಿದರು. 1839ರಿಂದ ಮದ್ರಾಸಿನ ನಿಯತಕಾಲಿಕದಲ್ಲಿ ದಕ್ಷಿಣದ ಹಕ್ಕಿಗಳ ಪಟ್ಟಿ ಕಂತುಕಂತಾಗಿ ಬಂತು.

ಪಟ್ಟಿಯಷ್ಟೇ ಸಾಲದೆಂದು ಅವರು ಚಿತ್ರಕ್ಕೆ ಮೊರೆಹೋದರು. 1843ರಿಂದ 1847ರವರೆಗೆ ಮದ್ರಾಸಿನಲ್ಲಿ ಹೊರಬಂದ ‘ಇಲಸ್ಟ್ರೇಷನ್ಸ್ ಆಫ್ ಇಂಡಿಯನ್ ಆರ್ನಿಥಾಲಜಿ’ಯಲ್ಲಿ 50 ಚಿತ್ರಗಳಿವೆ. ಬರೆದವರಲ್ಲಿ ಹೆಚ್ಚಿನವರು ಈ ನೆಲದ ಚಿತ್ರಕಾರರು. ಕಲ್ಲಚ್ಚಿನಲ್ಲಿ ಮುದ್ರಿಸಿ ಕೈಯಿಂದ ಬಣ್ಣ ತುಂಬಿದ ಆ ಹಾಳೆಗಳಲ್ಲಿ ಅವರ ಶ್ರಮವೂ ಇದೆ. ಜೆರ್ಡನ್‌ರ ಕೀರ್ತಿಯಲ್ಲಿ ಅವರಿಗೂ ಪಾಲು ಸಲ್ಲಬೇಕು. ಮುಂದೆ 1862–64ರಲ್ಲಿ ಬಂದ ‘ದಿ ಬರ್ಡ್ಸ್ ಆಫ್ ಇಂಡಿಯಾ’ ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ಒಂದೆಡೆ ತಂದಿತು. ಜೆರ್ಡನ್ ತೀರಿಕೊಂಡದ್ದು 1872ರಲ್ಲಿ. ಮರುವರ್ಷವೇ ಮೈಕಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಕೋಲಾರದಲ್ಲಿ ಚಿನ್ನ ಹುಡುಕಲು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ.

1845ರಲ್ಲಿ ಜೆರ್ಡನ್ ವಿವರಿಸಿದ ಆ ಹಕ್ಕಿ, ಹಳದಿ ಕೊರಳಿನ ಪಿಕಳಾರ, ನಂದಿಬೆಟ್ಟದಲ್ಲೂ ಕೋಲಾರದ ಅಂತರಗಂಗೆ ಬೆಟ್ಟದಲ್ಲೂ ಇಂದಿಗೂ ಕಾಣಸಿಗುತ್ತದೆ. ತಲೆ, ಕೊರಳು ಹಳದಿ, ಎದೆ ಬೂದು. ನಾಚಿಕೆಯ ಹಕ್ಕಿ. ಬಂಡೆಗಳ ಸಂದಿಯ ಕುರುಚಲಲ್ಲಿ ಹಣ್ಣು, ಹುಳ ತಿಂದು ಬದುಕುತ್ತದೆ. ದಕ್ಷಿಣ ಭಾರತದ ಇಂಥ ಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಎಸ್. ಸುಬ್ರಮಣ್ಯ, ಜೆ.ಎನ್. ಪ್ರಸಾದ್ ಮತ್ತು ಎಸ್. ಕಾರ್ತಿಕೇಯನ್ ಇದರ ನೆಲೆಗಳನ್ನು ಹುಡುಕಿ 2006ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅಧ್ಯಯನ ಪ್ರಕಟಿಸಿದರು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಅಪಾಯಕ್ಕೀಡಾಗಬಹುದಾದ ಪ್ರಭೇದ. ಕಲ್ಲು ಕ್ವಾರಿ, ಕಾಳ್ಗಿಚ್ಚು, ಸೌದೆಗಾಗಿ ಕುರುಚಲು ಕಡಿಯುವುದು ಇದರ ಶತ್ರುಗಳು.

ಕಂದಾಯ ದಾಖಲೆಗಳಲ್ಲಿ ಎಷ್ಟೋ ಬಂಡೆಗುಡ್ಡಗಳು ಬರೀ ಖರಾಬು ಜಮೀನು. ಮಾಲೂರು, ಟೇಕಲ್ ಕಡೆ ಗುಡ್ಡ ಕರಗಿ ಜಲ್ಲಿ, ಚಪ್ಪಡಿ, ಕಂಬಗಳಾಗಿ ಲಾರಿ ಹತ್ತುತ್ತದೆ. ಕಲ್ಲು ಒಡೆದು ಬದುಕುವ ಕುಟುಂಬಗಳ ಅನ್ನ ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಗೆದ ಮೇಲೆ ಏನುಳಿಯುತ್ತದೆಂಬುದನ್ನು ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಜನರಿಗೆ ಯಾರೂ ಕಲಿಸಬೇಕಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಸೈನೈಡ್ ದಿಬ್ಬಗಳು ಊರ ನಡುವೆ ಉಳಿದವು.

ಹಾಗಾಗಿ ಯಾವುದೇ ಗುಡ್ಡಕ್ಕೆ ಕ್ವಾರಿ ಪರವಾನಗಿ ಕೊಡುವ ಮುನ್ನ ಅಲ್ಲಿರುವ ಹಕ್ಕಿಗಳ ಪಟ್ಟಿ ಕಡತದಲ್ಲಿರಬೇಕು. ಅದನ್ನು ಬರೆಯಲು ನಮ್ಮ ಕಾಲೇಜು ಮಕ್ಕಳಿಗೆ ಒಂದು ದುರ್ಬೀನು, ಒಂದು ನೋಟ್‌ಬುಕ್ಕು, ತೋರಿಸಿಕೊಡುವ ಒಬ್ಬ ಮೇಷ್ಟ್ರು ಸಾಕು. ಜೆರ್ಡನ್ ಶುರುಮಾಡಿದ ಪಟ್ಟಿಯನ್ನು ಮುಂದುವರಿಸುವ ಕೆಲಸ ಈಗ ಈ ಸೀಮೆಯವರದು.