ನಿಮಗಿದು ಗೊತ್ತೆ?: ಹುರುಳಿಯಲ್ಲಡಗಿದ ಬಲ

ಮೈಸೂರಿನ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಮಟ್ಟಿಯ ಮೇಲೆ ಸಾಮುಮಾಡುವ ಪೈಲ್ವಾನರು ಹಾಲು, ತುಪ್ಪ, ಬಾದಾಮಿಗಳಿಂದಲೇ ಮೈಕಟ್ಟನ್ನು ಬೆಳೆಸುವರೆಂಬ ಮಾತು ಲೋಕಪ್ರಸಿದ್ಧವಾಗಿದ್ದರೂ, ಆ ವೆಚ್ಚವನ್ನು ಭರಿಸಲಾರದ ತರುಣನು ಹತಾಶನಾಗಬೇಕಾದ ಕಾರಣವಿಲ್ಲ. ಕುದುರೆಯ ಮೇವೆಂದು ಪಟ್ಟಣಿಗರು ಉಪೇಕ್ಷಿಸುವ ಹುರುಳಿಯ 100 ಗ್ರಾಂ ಕಾಳಿನಲ್ಲಿ ಸುಮಾರು 22 ಗ್ರಾಂ, ಅಷ್ಟೇ ತೂಕದ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವುಂಟು. ದುಬಾರಿಯಾದ ಬಾದಾಮಿಯಲ್ಲಿರುವುದಾದರೂ ಇದಕ್ಕಿಂತ ಅಧಿಕವಲ್ಲ!

ಮಾಂಸಖಂಡಗಳ ನಿರ್ಮಾಣಕ್ಕೆ ಆವಶ್ಯಕವಾದ ಅಮೈನೋ ಆಮ್ಲಗಳ ಪೈಕಿ ಲೈಸೀನ್ ಎಂಬುದು ಏಕದಳ ಧಾನ್ಯಗಳಲ್ಲಿ ವಿರಳವಾಗಿಯೂ ದ್ವಿದಳಗಳಲ್ಲಿ ಸಮೃದ್ಧವಾಗಿಯೂ ಇರುವುದರಿಂದ, ಮತ್ತು ಮೆಥಿಯೊನೀನ್ ಎಂಬುದರ ವಿಷಯದಲ್ಲಿ ಈ ಕ್ರಮವು ವಿಪರ್ಯಸ್ತವಾಗಿರುವುದರಿಂದ, ರಾಗಿಮುದ್ದೆಗೆ ಹುರುಳಿಯನ್ನು ಜೊತೆಗೂಡಿಸಿದ ನಮ್ಮ ಹಳ್ಳಿಯ ಗೃಹಿಣಿಯರು, ಶಾಸ್ತ್ರವನ್ನೋದದೆಯೇ ಒಂದರ ನ್ಯೂನತೆಯನ್ನು ಇನ್ನೊಂದರಿಂದ ಪೂರಣಗೊಳಿಸಿದರು. ಆದರೆ ರುಚಿಗೆ ಮಾರುಹೋಗಿ ಕಟ್ಟಿನ ಸಾರನ್ನಷ್ಟೇ ಸುರಿದುಕೊಂಡು ಕಾಳನ್ನು ತಟ್ಟೆಯಂಚಿಗೆ ಸರಿಸುವವರಿಗೆ ಈ ಲಾಭವಿಲ್ಲ; ಸಸಾರಜನಕದ ಬಹುಭಾಗವು ಉಳಿಯುವುದು ಕಾಳಿನಲ್ಲಿಯೇ. ಅದನ್ನು ನೆನೆಸಿ ಮೊಳಕೆ ಬರಿಸಿದರೆ ಸಿ ಜೀವಸತ್ವವೂ ವೃದ್ಧಿಯಾಗುವುದು. ವ್ಯಾಯಾಮವಿಲ್ಲದೆ ಬರಿದೆ ಉಂಡರೆ ಮೈಕಟ್ಟು ಬೆಳೆಯದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಅಲ್ಪವೆಚ್ಚದ ಪೌಷ್ಟಿಕಾಹಾರವೊಂದನ್ನು ರೂಪಿಸಹೊರಟಾಗ ಆಯ್ದುಕೊಂಡದ್ದು ಹಾಲಿನ ಪುಡಿಯನ್ನಲ್ಲ, ಬಾದಾಮಿಯನ್ನಂತೂ ಅಲ್ಲವೇ ಅಲ್ಲ. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು.