ಐರಣಿ ಮಡಕೆಯ ಗೆರೆಗಳು

ಮದುವೆ ಮನೆಗೆ ಹೋದಾಗ ನಾವು ನೋಡೋದು ಊಟದ ಎಲೆ, ವಾಲಗ, ಮದುಮಕ್ಕಳು. ದೇವರ ಮೂಲೆಯಲ್ಲಿ ಇಟ್ಟಿರುವ ಬಣ್ಣದ ಮಡಕೆಗಳನ್ನು ಯಾರಾದರೂ ಗಮನಿಸಿದ್ದೀರಾ? ಅವೇ ಐರಣಿ. ಐರಾಣಿ, ಐರೇಣಿ ಅಂತ ಊರಿಗೊಂದು ಥರ ಹೇಳುತ್ತಾರೆ. ನಮ್ಮ ಮೈಸೂರು ಸೀಮೆಯಲ್ಲಿ ಅನೇಕ ಜನಾಂಗಗಳ ಮದುವೆಗೆ ಇವು ಬೇಕೇ ಬೇಕು. ಹೆಂಗಸರು ವಾಲಗದ ಜೊತೆ ಕುಂಬಾರರ ಮನೆಗೆ ಹೋಗಿ, ಅಕ್ಕಿ, ಬೆಲ್ಲ, ಎಲೆಅಡಿಕೆ ಕೊಟ್ಟು, ಪೂಜೆ ಮಾಡಿ ತರುತ್ತಾರೆ.

ಮಡಕೆ ಆಗೋದು ಹೇಗೆ? ಕೆರೆಯ ಜೇಡಿಮಣ್ಣಿನಿಂದ ಕಲ್ಲು ಕಡ್ಡಿ ಆರಿಸಿ, ತುಳಿದು ಹದ ಮಾಡುತ್ತಾರೆ. ತಿಗರಿಯ ಮೇಲೆ ಬಾಯಿ, ಕತ್ತು ಎತ್ತುತ್ತಾರೆ. ಅರ್ಧ ಆರಿದ ಮೇಲೆ ಒಳಗೆ ಕಲ್ಲು ಹಿಡಿದು, ಹೊರಗೆ ಹಲಗೆಯಿಂದ ತಟ್ಟಿ ಹೊಟ್ಟೆ ದುಂಡು ಮಾಡುತ್ತಾರೆ. ಒಣಗಿಸಿ ಆವಿಗೆಯಲ್ಲಿ ಸುಡುತ್ತಾರೆ. ಗಾಳಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಮಡಕೆ ಕೆಂಪಾಗುತ್ತದೆ, ಹೊಗೆ ಕಟ್ಟಿದರೆ ಕಪ್ಪಾಗುತ್ತದೆ. ಐರಣಿಗೆ ಮಾತ್ರ ಸುಟ್ಟ ಮೇಲೆ ಸುಣ್ಣ, ಕೆಮ್ಮಣ್ಣಿನಿಂದ ಪಟ್ಟೆ, ಗೆರೆ, ಚುಕ್ಕಿ ಬರೆಯುತ್ತಾರೆ.

ಮಡಕೆಯ ಮೇಲೆ ಬಿಳಿ ಗೆರೆ ಎಳೆಯೋದು ನಮ್ಮ ನಾಡಿಗೆ ಹೊಸದಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ 1929ರಲ್ಲಿ ಮೈಸೂರಿನ ಪ್ರೊ. ಎಂ. ಎಚ್. ಕೃಷ್ಣ ಅವರು ಉತ್ಖನನ ಮಾಡಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿಯೂ, ಅದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಸುಮಾರು 2000 ವರ್ಷ ಹಿಂದಿನ, ಕಾವಿ ಬಣ್ಣದ, ಬಿಳಿ ಗೆರೆಯ ಮಡಕೆ ಚೂರುಗಳು ಸಿಕ್ಕವು. ಇಷ್ಟು ವರ್ಷ ಮಣ್ಣಿನಲ್ಲಿದ್ದರೂ ಗೆರೆ ಅಳಿಸಿಲ್ಲ ಯಾಕೆ? ಅದು ಸುಡುವ ಮುಂಚೆ ಬರೆದದ್ದು. ಬೆಂಕಿಯಲ್ಲಿ ಬೆಂದು ಮಡಕೆಗೇ ಅಂಟಿಕೊಂಡಿದೆ. ಐರಣಿಯ ಸುಣ್ಣ ಹಾಗಲ್ಲ. ನಾಲ್ಕು ಮಳೆ ಬಿದ್ದರೆ ತೊಳೆದು ಹೋಗುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ದೂರದ ಅಮೆರಿಕದ ಅರಿಜೋನಾದಲ್ಲಿ ಹೋಪಿ ಎಂಬ ಮೂಲನಿವಾಸಿ ಜನರಿದ್ದಾರೆ. ಅಲ್ಲಿ ತಿಗರಿ ಇಲ್ಲ. ಮಣ್ಣಿನ ಸುರುಳಿ ಸುತ್ತಿ ಮಡಕೆ ಕಟ್ಟುತ್ತಾರೆ. ಯಕ್ಕಾ ಗಿಡದ ಎಲೆಯ ಕುಂಚದಿಂದ ಹಕ್ಕಿ, ಗರಿ ಬರೆದು ಆಮೇಲೆ ಸುಡುತ್ತಾರೆ. 1890ರ ದಶಕದಲ್ಲಿ ನಂಪೆಯೊ ಎಂಬ ಹೆಂಗಸು ಹಾಳುಬಿದ್ದ ಸಿಕ್ಯಾಟ್ಕಿ ಊರಿನ ಮಡಕೆ ಚೂರುಗಳನ್ನು ನೋಡಿ ನೋಡಿ, ಹಳೇ ಚಿತ್ತಾರಕ್ಕೆ ಮತ್ತೆ ಜೀವ ಕೊಟ್ಟಳು. 1942ರಲ್ಲಿ ಅವಳು ತೀರಿಕೊಂಡ ಮೇಲೂ ಅವಳ ಮಕ್ಕಳು, ಮೊಮ್ಮಕ್ಕಳು ಆ ಕೆಲಸ ಬಿಡಲಿಲ್ಲ.

ನಮ್ಮ ಐರಣಿ ನಿಂತು ಹೋದರೆ ಹಾಗೆ ನೋಡಿ ಕಲಿಯಲು ಗೆರೆಯಿರುವ ಒಂದು ಚೂರೂ ಸಿಗಲ್ಲ. ಆ ಗೆರೆ ಇರೋದು ಬರೆಯುವವರ ಕೈಯಲ್ಲಿ ಮಾತ್ರ. ಈಗ ಛತ್ರದ ಮದುವೆಗಳಲ್ಲಿ ಎಷ್ಟೋ ಕಡೆ ಅಂಗಡಿ ಪೇಂಟು ಬಳಿದ ಮಡಕೆ, ಇಲ್ಲವೇ ಸ್ಟೀಲ್ ಬಿಂದಿಗೆ ಬಂದು ಕೂತಿದೆ.

ಅದಕ್ಕೇ ಒಂದು ಕೆಲಸ ಮಾಡೋಣ. ಗೌರಿಹಬ್ಬಕ್ಕೆ ಮುಂಚೆ ಮೈಸೂರಿಗೆ ಹೋದರೆ ಕುಂಬಾರಗೇರಿಗೆ ಹೋಗಿ, ಗಣೇಶನನ್ನು ಮಾಡುವ ಹಿರಿಯರನ್ನು ಐರಣಿ ಬಗ್ಗೆ ಕೇಳಿ. ಮದುವೆಗೆ ಹೋದರೆ ಮಡಕೆ ಹತ್ತಿರ ಕೂತು ಪಟ್ಟೆ ಎಷ್ಟು, ಚುಕ್ಕಿ ಎಲ್ಲಿ, ಯಾರು ಬರೆದರು ಅಂತ ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡು ಬನ್ನಿ. ಮುಂದಿನ ಸಂಚಿಕೆಗೆ ಈ ಗೋಡೆಯ ಮೇಲೇ ಅಂಟಿಸೋಣ.